ಯಾದಿಗೆ ಸೇರದ ಉಣ್ಣೆ

ಸಾಲ ತೀರಿಸಲಾರೆನೆಂದು ಕೋರ್ಟಿಗೆ ನಾದಾರಿ ಅರ್ಜಿ ಕೊಡಲು ಬರುವವರು ಎರಡು ಪ್ರಶ್ನೆ ಕೇಳಿಯೇ ಕೇಳುತ್ತಾರೆ: ಜೈಲಿಗೆ ಹಾಕುತ್ತಾರೋ, ಹೆಂಡತಿಯ ತಾಳಿ ಕೇಳುತ್ತಾರೋ. ಸೊಲ್ಲಾಪುರದ ವಕೀಲರೊಬ್ಬರ ಬಳಿ ಗುಮಾಸ್ತನಾಗಿದ್ದ ನಾನು ಇವಕ್ಕೆ ಉತ್ತರ ಹೇಳಿ ಹೇಳಿ ನಾಲಿಗೆ ಸವೆಸಿದವನು. ೧೯೩೧ರಲ್ಲಿ ಬಂದ ಕರಜಗಿಯ ಹಣಮಂತಪ್ಪ ಮಾತ್ರ ಮೊದಲು ಕೇಳಿದ್ದು, ಅಂಗಡಿಯಲ್ಲಿ ಹಗಲು ದೀಪ ಹಚ್ಚಬೇಕೇ ಎಂದು. ದಿವಾಳಿ ಎದ್ದವರು ಹಾಗೆ ಮಾಡುವ ಕಾಲ ಹೋಯಿತು, ಈಗ ಎಣ್ಣೆಯ ಬದಲು ಸ್ಟಾಂಪಿಗೆ ದುಡ್ಡು ಸುಡಬೇಕು ಎಂದೆ. ಅವನು ನಗಲಿಲ್ಲ.

ಅವನು ಕಂಬಳಿ ನೇಯುವವನು. ನೇಯ್ದುಕೊಂಡು ಸುಮ್ಮನಿದ್ದರೆ ಚೆನ್ನಾಗಿಯೇ ಇರುತ್ತಿದ್ದ. ಸೊಲ್ಲಾಪುರದಲ್ಲಿ ಅಂಗಡಿ ಹಾಕಿ, ಸಾಲ ತಂದು ಐನೂರು ಕಂಬಳಿ ಪೇರಿಸಿಟ್ಟ. ಅದೇ ವರ್ಷ ಗಿರಣಿಯ ಅಗ್ಗದ ಹೊದಿಕೆಗಳು ಪೇಟೆಗೆ ಬಂದವು, ಅವನ ಮಾಲಿಗೆ ಹುಳ ಬಿತ್ತು. ಸಾವುಕಾರ ಸಾವಿರದ ನಾನೂರಕ್ಕೆ ಡಿಕ್ರಿ ಮಾಡಿಸಿ, ಹಿಡಿಸಲು ವಾರಂಟನ್ನೂ ತಂದಿದ್ದ. ಇಂಥ ಹೊತ್ತಿನಲ್ಲಿ ಬುದ್ಧಿವಂತರು ರೈಲು ಹತ್ತಿ, ಇಲ್ಲಿನ ವಾರಂಟು ನಡೆಯದ ಅಕ್ಕಲಕೋಟ ಸಂಸ್ಥಾನದ ಗಡಿಯೊಳಗೆ ಕುಳಿತುಬಿಡುತ್ತಿದ್ದರು. ಹಣಮಂತಪ್ಪನ ಮನೆಯೇ ಆ ಕಡೆ ಇತ್ತು. ಆದರೂ ಅವನು ಇಲ್ಲಿಯೇ ಕೋರ್ಟಿನ ಮೆಟ್ಟಿಲು ಹತ್ತಿದ.

ನಾನು ವಿವರಿಸಿದೆ. ಅಂಗಡಿಯ ಮಾಲು ಹೋಗುತ್ತದೆ. ಮಗ್ಗ, ಅಡುಗೆಯ ಪಾತ್ರೆ, ತಾಳಿ ಉಳಿಯುತ್ತವೆ. ಆಸ್ತಿ, ಸಾಲ ಎಲ್ಲವನ್ನೂ ಯಾದಿಯಲ್ಲಿ ಬರೆಸಬೇಕು, ಒಂದನ್ನೂ ಮುಚ್ಚಿಡಬಾರದು. ಮುಚ್ಚಿಟ್ಟರೆ ಅರ್ಜಿ ವಜಾ ಆಗುತ್ತದೆ, ಮತ್ತೆ ಆ ವಾರಂಟೇ ಗತಿ. ಎಲ್ಲ ಕೇಳಿ ಅವನು ಒಂದೇ ಮಾತು ಕೇಳಿದ.

“ಅಯ್ಯನವರ, ಯಾದಿಯೊಳಗ ಬರದದ್ದೆಲ್ಲಾ ಅಳಿಸಿಹೋಗತೈತೇನ್ರಿ?”

ಕೋರ್ಟು ಬಿಡುಗಡೆ ಕೊಟ್ಟ ಮೇಲೆ ಎಲ್ಲವೂ ಹೋಗುತ್ತದೆ ಎಂದೆ. ಅವನು ಸಮಾಧಾನಪಟ್ಟ ಎಂದುಕೊಂಡೆ. ನನ್ನ ತಿಳಿವಳಿಕೆ ಅಷ್ಟು.

ಅವನು ಬರೆಸದೆ ಬಿಟ್ಟದ್ದು ಹನ್ನೂರಿನ ಸೋಮವ್ವನ ನೂರ ಎಂಬತ್ತು ರೂಪಾಯಿ. ಆಕೆ ಗಂಡ ಸತ್ತ ಮೇಲೆ ತಾನೇ ಕುರಿ ಕಾಯುತ್ತಿದ್ದವಳು, ಪ್ರತಿ ವರ್ಷ ಅವನಿಗೆ ಉಣ್ಣೆ ಕೊಡುತ್ತಿದ್ದಳು. ಅವರಲ್ಲಿ ಕಾಗದ ಇಲ್ಲ. ಬೀರೋಬನ ಭಂಡಾರ, ಅಂದರೆ ಆ ದೇವರ ಅರಿಷಿಣಪುಡಿ, ಅದನ್ನು ಅಂಗೈಯಲ್ಲಿ ಹಿಡಿದು ಕೊಡುತ್ತೇನೆ ಎಂದರೆ ಮುಗಿಯಿತು. ಭಂಡಾರ ಹಿಡಿದ ಸಾಲವನ್ನು ಜಡ್ಜ್ ಸಾಹೇಬರು ಅಳಿಸುವುದು ಅವನಿಗೆ ಬೇಡವಾಗಿತ್ತು.

ಸಾವುಕಾರನ ವಕೀಲ ಇದನ್ನು ಹೇಗೋ ಮೂಸಿ ಹಿಡಿದು, ವಿಚಾರಣೆಯ ದಿನ ಸೋಮವ್ವನನ್ನೇ ಸಾಕ್ಷಿಗೆ ಕರೆಸಿದ. ಆಕೆಯನ್ನು ಕಂಡಾಗಲೇ ಹಣಮಂತಪ್ಪ ನನಗೆ ಈ ಬಾಕಿಯ ಸಂಗತಿ ಪಿಸುಗುಟ್ಟಿದ್ದು. ಈತ ನಿನಗೆ ಹಣ ಕೊಡಬೇಕೇ ಎಂದು ಆ ವಕೀಲ ಕೇಳಿದ. ಆಕೆ ಸೆರಗು ಸರಿಪಡಿಸಿಕೊಂಡು ಹೇಳಿದಳು:

“ಇಲ್ರಿ. ಒಂದು ದುಡ್ಡೂ ಬಾಕಿ ಇಲ್ಲ.”

ನೂರ ಎಂಬತ್ತು ರೂಪಾಯಿ ಬಿಟ್ಟು ಒಬ್ಬನನ್ನು ಉಳಿಸಿದಳಲ್ಲ ಎಂದು ನನ್ನ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಹಣಮಂತಪ್ಪ ಎದ್ದು ನಿಂತ.

“ನನ್ನ ಸಲುವಾಗಿ ಆಕಿ ಸುಳ್ಳ ಹೇಳಾಕತ್ತಾಳ್ರಿ. ನೂರಾ ಎಂಬತ್ತು ಕೊಡೂದೈತಿ.”

ನಮ್ಮ ವಕೀಲರು ತಲೆ ಮೇಲೆ ಕೈಹೊತ್ತು ಕುಳಿತರು. ಸಾಲ ಮುಚ್ಚಿಟ್ಟನೆಂದು ಅರ್ಜಿ ವಜಾ ಆಯಿತು, ವಾರಂಟು ಹಿಡಿದ ಬೇಲಿಫ ಬಾಗಿಲಲ್ಲೇ ಕಾಯುತ್ತಿದ್ದ. ಸೋಮವ್ವ ಹಣಮಂತಪ್ಪನತ್ತ ಒಮ್ಮೆ ನೋಡಿ ಮೆಟ್ಟಿಲಿಳಿದು ಹೋದಳು.

ಸಾಲಗಾರನನ್ನು ಜೈಲಿಗೆ ಹಾಕಿಸಿದರೆ ಅವನ ಊಟದ ಖರ್ಚು ಹಾಕಿಸಿದವನೇ ತುಂಬಬೇಕು. ನಮ್ಮ ಸಾವುಕಾರ ಎಂಜಲು ಕೈಯಲ್ಲಿ ಕಾಗೆ ಓಡಿಸದವನು. ಒಂದೂವರೆ ತಿಂಗಳು ಅನ್ನ ಹಾಕಿ ಸುಸ್ತಾಗಿ ಕಟ್ಟುವುದನ್ನು ನಿಲ್ಲಿಸಿದ. ಹಣಮಂತಪ್ಪ ಹೊರಬಂದು ಕರಜಗಿಯ ಮಗ್ಗಕ್ಕೆ ಕುಳಿತ.

ಎಂಟು ತಿಂಗಳಿಗೆ ಅರವತ್ತು ರೂಪಾಯಿ ಕೂಡಿಸಿದ. ಪಾವತಿ ಬರೆಯಲು ಒಬ್ಬರು ಇರಲೆಂದು ನನ್ನನ್ನೂ ಹನ್ನೂರಿಗೆ ಕರೆದುಕೊಂಡು ಹೋದ. ಸೋಮವ್ವ ಹಟ್ಟಿಯಲ್ಲಿ ಕುರಿಗಳ ಗೊರಸು ನೋಡುತ್ತಿದ್ದಳು. ಅವನು ರೂಪಾಯಿಗಳನ್ನು ಆಕೆಯ ಮುಂದಿಟ್ಟ. ಆಕೆ ಮುಟ್ಟಲಿಲ್ಲ.

“ಕೋರ್ಟಿಗೆ ಬರೂ ಮುಂಜಾನಿ ಬೀರೋಬನ ಮುಂದ ಭಂಡಾರ ಹಿಡದು ನಿನ್ನ ಸಾಲ ಬಿಟ್ಟು ಬಂದಿದ್ದೆ,” ಎಂದಳು. “ನಾ ಖರೇನ ಹೇಳಿದ್ದೆ, ತಮ್ಮಾ. ಇಷ್ಟ ಮಂದಿಯೊಳಗ ನೀ ನನ್ನ ಸುಳ್ಳಿ ಮಾಡಿದಿ.”

ಆಕೆ ಮತ್ತೊಂದು ಕುರಿಯ ಕಾಲು ಹಿಡಿದಳು. ಹಣಮಂತಪ್ಪ ರೂಪಾಯಿಗಳನ್ನು ಒಂದೊಂದಾಗಿ ಆರಿಸಿಕೊಂಡ.

ಮುಂದೆ ಸೋಮವ್ವ ಉಣ್ಣೆಯನ್ನು ಬೇರೆಯವರಿಗೆ ಮಾರಿದಳು. ಜೈಲಿನ ಮಾತು ತೆಗೆದರೆ ಹಣಮಂತಪ್ಪ ತಾನೇ ನಕ್ಕು, ಅಲ್ಲಿನ ಬೇಳೆಯ ನೀರನ್ನು ಆಡಿಕೊಳ್ಳುತ್ತಿದ್ದ. ಯಾರಾದರೂ ಹನ್ನೂರಿನ ಹೆಸರೆತ್ತಿದರೆ ಮಾತ್ರ ಮಗ್ಗ ಬಿಟ್ಟು ಎದ್ದು ಹೋಗುತ್ತಿದ್ದ.