ಸದ್ದಿಲ್ಲದೆ ಮಂಜೇರಿಗೆ

ಸೈದಲವಿಕ್ಕನ ಆಂಬುಲೆನ್ಸ್ ಸುಮ್ಮನೆ ಹೋಯಿತೆಂದರೆ ಒಳಗೆ ಹೆಣವಿದೆ ಎಂದೇ ನಮ್ಮ ನಿಲಂಬೂರಿನವರ ಲೆಕ್ಕ. ಜೀವವಿದ್ದವರನ್ನು ಒಯ್ಯುವಾಗ, ಕಾಲು ಉಳುಕಿದವರಾದರೂ ಸರಿ, ಸೈರನ್ ಕೂಗಲೇಬೇಕು. ಲಾರಿ ಬಿಟ್ಟು ಆಂಬುಲೆನ್ಸ್ ಹಿಡಿದಾಗಿನಿಂದ ಅವರು ನಡೆಸಿಕೊಂಡು ಬಂದ ಕ್ರಮ ಅದು. ಮನೆಯಲ್ಲೂ ಕುಳಿತಲ್ಲಿ ಕೂರುವ ಆಸಾಮಿಯಲ್ಲ. "ಅನ್ನ ಉಣ್ಣೋಕೂ ಸೈರನ್ ಹಾಕ್ತೀರಾ?" ಎಂದು ಹೆಂಡತಿಯೇ ಛೇಡಿಸುತ್ತಾಳೆ.

ನಾನು ಎಂಟು ತಿಂಗಳ ಬಸುರಿಯಾಗಿದ್ದಾಗ ಬಿಪಿ ಏರಿ ಕಣ್ಣು ಮಂಜಾಯಿತು. ಇಲ್ಲಿಯ ಡಾಕ್ಟರು ಮಂಜೇರಿಯ ದೊಡ್ಡಾಸ್ಪತ್ರೆಗೆ ಬರೆದರು. ಅತ್ತೆ ಇನ್ನೂ ಬಟ್ಟೆಯ ಚೀಲ ಹುಡುಕುತ್ತಿದ್ದರು. ಜೊತೆಗೆ ಬರಬೇಕಿದ್ದ ನರ್ಸ್ ಲಿಸಮ್ಮ ಸೈದಲವಿಕ್ಕನನ್ನು ಬಾಗಿಲಲ್ಲೇ ತಡೆದಳು.

"ಇಕ್ಕಾ, ಸೈರನ್ ಬೇಡ, ಮೇಲಿನ ಲೈಟೂ ಬೇಡ. ಬೆಚ್ಚಿಬಿದ್ರೆ ಇವಳಿಗೆ ಫಿಟ್ಸ್ ಬರಬಹುದು. ನಾನು ಹೇಳಿದಾಗ ಮಾತ್ರ ಹಾಕಿ."

"ಹೇಳೋದು ಯಾವಾಗ?"

"ಫಿಟ್ಸ್ ಬಂದೇಬಿಟ್ರೆ. ಆಮೇಲೆ ಒಂದು ಗಳಿಗೇನೂ ಕಾಯೋ ಹಾಗಿಲ್ಲ."

ಪರದೆ ಎಳೆದ ಕತ್ತಲಲ್ಲಿ ಎಡಮಗ್ಗುಲಾಗಿ ಮಲಗಿದ್ದೆ. ಹೊಟ್ಟೆಯೊಳಗೆ ಕೂಸು ಒದೆಯುತ್ತಿದೆಯೇ ಎಂದು ಮತ್ತೆ ಮತ್ತೆ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಮುಂದಿನಿಂದ ಸ್ಟೀರಿಂಗ್ ಮೇಲೆ ಬೆರಳು ಬಡಿಯುವ ಸದ್ದು.

"ಈ ಬಸ್ಸಿನ ಹಿಂದೆ ಮದುವೆ ದಿಬ್ಬಣದ ಹಾಗೆ ತೆವಳ್ತಿದ್ದೀನಲ್ಲಾ ಸಿಸ್ಟರೇ! ಕೈ ತುರಿಸ್ತಿದೆ."

"ತುರಿಸ್ಕೊಳ್ಳಿ. ಬಟನ್ ಮುಟ್ಟಬೇಡಿ."

ಎಡವಣ್ಣ ಪೇಟೆಯಲ್ಲಿ, ಮುಂದಿನ ಸೀಟಿನಲ್ಲಿದ್ದ ಅತ್ತೆ ಚೀರಿದರು. ಚಹಾದಂಗಡಿಯ ಗಂಡಸರು ಎತ್ತಿ ಕಟ್ಟಿದ್ದ ಮುಂಡು ಇಳಿಸಿ, ಹೆಣಕ್ಕೆ ಮರ್ಯಾದೆ ಕೊಡುವವರಂತೆ ತಲೆ ತಗ್ಗಿಸಿ ನಿಂತಿದ್ದರಂತೆ.

"ಯಾ ಅಲ್ಲಾ! ನನ್ನ ಸೊಸೇನ ಹೆಣ ಮಾಡ್ಬಿಟ್ರಲ್ಲೋ! ಸೈದಲವೀ, ಹಾಕೋ ಅದನ್ನ!"

ಸೈದಲವಿಕ್ಕ ಕಿಟಕಿಯಿಂದ ತಲೆ ಹೊರಹಾಕಿ, "ಬದುಕಿದ್ದಾಳೆ ಕಣ್ರೋ! ಮುಂಡು ಕಟ್ಕೊಂಡು ದಾರಿ ಬಿಡ್ಸಿ!" ಎಂದರು.

"ನಿಮ್ಮ ಗಂಟಲಿಗೂ ಒಂದು ಬಟನ್ ಇರಬೇಕಿತ್ತು," ಎಂದು ಲಿಸಮ್ಮ ಪಿಸುಗುಟ್ಟಿದಳು.

ಆ ಗಂಡಸರೇ ಓಡಿ ಬಂದು ಕೈಸನ್ನೆಯಲ್ಲಿ ಬಸ್ಸನ್ನು ಬದಿಗೆ ಸರಿಸಿದರು. ಅತ್ತೆ ತಾವೇ ಬಟನ್ನಿಗೆ ಕೈ ಚಾಚಿದಾಗ ಸೈದಲವಿಕ್ಕ ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು. "ಬೇಡ ಉಮ್ಮಾ. ಸದ್ದು ಅವಳಿಗಾಗಲ್ಲ. ನನಗೂ ಎದೆ ಹೊಡ್ಕೊಳ್ತಿದೆ, ಬೇಡ." ಒಂದೇ ಕೈಯಲ್ಲಿ ಗಾಡಿ ನಡೆಸಿದರು.

ಮಂಜೇರಿ ಹತ್ತಿರವಾದಾಗ ನನ್ನ ತುಟಿ ಅದುರತೊಡಗಿತು. "ಇಕ್ಕಾ, ಈಗ!" ಎಂದ ಲಿಸಮ್ಮನ ದನಿಯೇ ನನಗೆ ಕೊನೆಯ ನೆನಪು.

ಮಿಕ್ಕಿದ್ದನ್ನು ಅತ್ತೆ ಹೇಳುತ್ತಾರೆ, ಮಗುವನ್ನು ನೋಡಲು ಬಂದವರಿಗೆಲ್ಲ. ಸೈರನ್ ಕೂಗಿದ್ದೇ ತಡ, ರಸ್ತೆ ಬಟ್ಟೆ ಹರಿದ ಹಾಗೆ ಎರಡಾಯಿತಂತೆ. "ಆಗ ನನಗೆ ಉಸಿರು ಬಂತು ನೋಡು. ಇನ್ನು ಹುಡುಗಿಗೆ ಭಯವಿಲ್ಲ ಅಂತ ಅಲ್ಲೇ ಒರಗಿ ತಸ್ಬಿ ಮಣಿ ಎಣಿಸ್ದೆ." ಫಿಟ್ಸ್ ಆಸ್ಪತ್ರೆ ಸೇರಿದ ಮೇಲೆ ಬಂತೆಂದೇ ಅವರ ನಂಬಿಕೆ.

ಕತೆ ಅಲ್ಲಿಗೆ ಬಂದಾಗ ಸೈದಲವಿಕ್ಕ ಇದ್ದರೆ, ಚಹಾ ಅರ್ಧಕ್ಕೆ ಬಿಟ್ಟು ಅಂಗಳಕ್ಕಿಳಿಯುತ್ತಾರೆ. ಆ ಸೈರನ್ ಯಾಕೆ ಕೂಗಿತೆಂದು ಅವರು ಅತ್ತೆಗೆ ಹೇಳಿಲ್ಲ. ನಾನೂ ಮಗುವಿನ ಬಟ್ಟೆ ಬದಲಿಸುವ ನೆಪದಲ್ಲಿ ಒಳಗೆ ಹೋಗುತ್ತೇನೆ.