ವಿಜಯದಶಮಿಯ ಬೆಳಿಗ್ಗೆ ಕೆಂಪರಾಜು ಹಾಕಿದ ರೆಕಾರ್ಡು

ಸಾರಕ್ಕಿಯಲ್ಲಿ ನಾನು ಬಾಡಿಗೆಗಿರುವ ಕೋಣೆಯ ಕೆಳಗೆ ಕೆಂಪರಾಜು ಅವರ ರೆಕಾರ್ಡ್ ಅಂಗಡಿ. ಅವರ ತಂದೆ ಸೊಪ್ಪು ಬೆಳೆಯುತ್ತಿದ್ದ ನೆಲದಲ್ಲೇ ಈ ಮನೆ ಎದ್ದಿದೆ. ಮಳಿಗೆಯನ್ನು ಮೊಮೊ ಮಾರುವವರಿಗೆ ಕೊಟ್ಟಿದ್ದರೆ ಸುಖವಾಗಿರಬಹುದಿತ್ತು ಎಂದು ತಾಯಿ ಬೈರಮ್ಮ ಇಂದಿಗೂ ಹೇಳುತ್ತಾರೆ.

ಅಂಗಡಿಗೆ ಬಂದವರನ್ನು ಕೆಂಪರಾಜು ಯಾವ ಹಾಡು ಇಷ್ಟ ಎಂದು ಕೇಳುತ್ತಿರಲಿಲ್ಲ. "ಯಾರ ಮೇಲೆ ಕೋಪ?" ಎಂದು ಕೇಳುತ್ತಿದ್ದರು. ಊರಿನ ಮೇಲೆ ಎಂದವರಿಗೆ ಹಿಪ್‌ಹಾಪ್. ಬಿಟ್ಟುಹೋದವರ ಮೇಲೆ ಎಂದವರಿಗೆ ಎದೆ ಬಿಚ್ಚಿ ಹಾಡುವ ಸೋಲ್ ಸಂಗೀತ. ಏನೂ ಹೇಳದೆ ನೆಲ ನೋಡಿದವರಿಗೆ ಇಂಡೀ ರಾಕ್, ಅದೂ ಗಿಟಾರು ಸ್ವಲ್ಪ ಶ್ರುತಿ ತಪ್ಪಿದಂತಿರುವುದು. ಕೆಲಸ ಹುಡುಕುತ್ತ ಬಂದ ವರ್ಷ ನಾನು ನೆಲ ನೋಡಿದ್ದೆ. ಅವರು ಕೊಟ್ಟ ಆಲ್ಬಮ್ಮು ಆ ಚಳಿಗಾಲವನ್ನು ದಾಟಿಸಿತು. ಅವರದು ಒಂದೇ ನಿಯಮ. ತಾವು ಕೊನೆಯವರೆಗೆ ಕೇಳದ ಆಲ್ಬಮ್ಮನ್ನು ಯಾರಿಗೂ ಚೆನ್ನಾಗಿದೆ ಎನ್ನಬಾರದು.

ಕಳೆದ ಆಯುಧಪೂಜೆಗೆ ಬೈರಮ್ಮ ರೆಕಾರ್ಡ್ ಪ್ಲೇಯರು, ಸ್ಪೀಕರುಗಳನ್ನು ಒರೆಸಿ, ವಿಭೂತಿ ಬಳಿದು, ಚೆಂಡುಹೂವಿನ ಹಾರ ಹಾಕಿದರು. ಪೂಜೆಗೆ ಕೂತದ್ದನ್ನು ಆ ದಿನ ಮುಟ್ಟುವಂತಿಲ್ಲ. ಮರುದಿನ, ವಿಜಯದಶಮಿಯ ಬೆಳಿಗ್ಗೆ, ಮೊದಲ ರೆಕಾರ್ಡು ಹಾಕಿ ಕೆಲಸ ಶುರುಮಾಡುವುದು ಕೆಂಪರಾಜು ಅವರ ಪದ್ಧತಿ. ಆ ಬೆಳಿಗ್ಗೆ ನಾನು ಮತ್ತು ಹಳೆಯ ಗಿರಾಕಿ ಸಂಗಮೇಶ ಕಡಲೆಪುರಿ ತಿನ್ನುತ್ತ ಕೂತಿದ್ದೆವು.

"ಹಬ್ಬದ ದಿನಾನೂ ಅಳಿಸೋ ಹಾಡೇನಾ ಗುರು?" ಎಂದರು ಸಂಗಮೇಶ.

"ನೀನು ಒಬ್ಬಟ್ಟು ತಿನ್ನುವಾಗ್ಲೂ ಅಳೋನು. ಸುಮ್ನೆ ಕೂತ್ಕೊ," ಎಂದರು ಕೆಂಪರಾಜು.

ಸೋಲ್ ರೆಕಾರ್ಡೊಂದನ್ನು ಹಾಕಿ ಸೂಜಿ ಇಳಿಸಿದರು. ಹಾಡು ಬರಲಿಲ್ಲ. ಸೂಜಿ ಉಜ್ಜುವ ಸಣ್ಣ ಸದ್ದು ಮಾತ್ರ.

"ಅಯ್ಯೋ, ಒರೆಸ್ವಾಗ ವೈರು ಕಿತ್ತಿದ್ದೆ ಕಣ್ರೋ," ಎಂದರು ಬಾಗಿಲಲ್ಲಿದ್ದ ಬೈರಮ್ಮ. "ರಾಜೂ, ಹಿಂದ್ಗಡೆ ನೋಡೋ."

ಕೆಂಪರಾಜು ತಿರುಗಲಿಲ್ಲ. ಕಣ್ಣು ಸೂಜಿಯ ಮೇಲಿತ್ತು. "ಈಗ ಆರ್ಗನ್ ಬರುತ್ತೆ," ಎಂದರು. "ಇಲ್ಲಿ ಕೇಳಿ, ಹಾಡೋಳ ದನಿ ಒಡೆಯುತ್ತೆ."

ಪುರಿ ನನ್ನ ಕೈಯಲ್ಲೇ ಉಳಿಯಿತು. ಸಂಗಮೇಶ ಮೆಲ್ಲಗೆ ಹಿಂದೆ ಹೋಗಿ, ಮಂಡಿಯೂರಿ ವೈರು ಸಿಕ್ಕಿಸಿದರು. ಹಾಡು ಒಮ್ಮೆಲೇ ಕೋಣೆ ತುಂಬಿತು. ಕೆಂಪರಾಜು ಬೆಚ್ಚಲಿಲ್ಲ. "ಈಗ ಕೋರಸ್," ಎಂದು ಬೆರಳೆತ್ತಿದರು. ಅದೇ ಗಳಿಗೆಗೆ ಕೋರಸ್ ಎದ್ದಿತು. ಸೂಜಿ ಯಾವ ಗೆರೆಯಲ್ಲಿದೆ ಎಂದು ನೋಡಿ ಅವರು ಹೇಳುತ್ತಿದ್ದರು.

ಆಮೇಲೆ ತಲೆಯೆತ್ತಿ ನಮ್ಮ ಮುಖ ನೋಡಿದರು, ಮಂಡಿಯೂರಿದ್ದ ಸಂಗಮೇಶರನ್ನು ನೋಡಿದರು.

"ಎಷ್ಟು ಹೊತ್ತಿಂದ ಸದ್ದಿರ್ಲಿಲ್ಲ?"

ಅವರು ಸೂಜಿ ಎತ್ತಿದರು. ಬೈರಮ್ಮ ಬಂದು, ಗದ್ದ ಹಿಡಿದು ಮಗನ ಮುಖವನ್ನು ತಮ್ಮ ಕಡೆ ತಿರುಗಿಸಿಕೊಂಡರು.

"ಯಾವಾಗಿಂದ್ಲೋ?"

"ಯುಗಾದಿ ಆದ್ಮೇಲೆ ಕಿವಿ ಪೂರ್ತಿ ಹೋಯ್ತಮ್ಮ."

ಇಷ್ಟು ದಿನ ಅವರು ನಮ್ಮ ತುಟಿ ನೋಡಿ ಮಾತಾಡಿದ್ದರು. ನಾವು ಅದನ್ನು ಗಮನವಿಟ್ಟು ಕೇಳುವುದು ಎಂದುಕೊಂಡಿದ್ದೆವು.

ದೀಪಾವಳಿ ಕಳೆದ ಮೇಲೆ ಸಿದ್ದಾಪುರದ ಸಂಹಿತಾ ಎಂಬ ಹುಡುಗಿ ತಾನೇ ಹಾಡಿದ ಮೊದಲ ಹಿಪ್‌ಹಾಪ್ ಆಲ್ಬಮ್ಮು ತಂದಳು. ಅವಳಿಗೆ ವಿಷಯ ಗೊತ್ತಿರಲಿಲ್ಲ. "ನೀವು ಚೆನ್ನಾಗಿದೆ ಅಂದ್ರೆ ಸಾಕು ಅಂಕಲ್," ಎಂದಳು. ಕೆಂಪರಾಜು ಅದನ್ನು ಹಾಕಿ, ಸ್ಪೀಕರಿನ ಮೇಲೆ ಅಂಗೈ ಇಟ್ಟು ಎರಡೂ ಬದಿ ಮುಗಿಯುವವರೆಗೆ ನಿಂತರು. ಹಾಡು ಚೆನ್ನಾಗಿತ್ತು. ಚೆನ್ನಾಗಿದೆ ಅಂತ ತಲೆ ಆಡಿಸಿಬಿಡಿ ಎಂದು ನಾನು ಅವರಿಗೆ ಸನ್ನೆ ಮಾಡಿದೆ.

"ನಡುಗುತ್ತೆ ಅಷ್ಟೆ," ಎಂದರು ನನ್ನ ಕಡೆ ತಿರುಗಿ. "ಫ್ರಿಜ್ಜೂ ನಡುಗುತ್ತೆ." ರೆಕಾರ್ಡನ್ನು ಕವರಿಗೆ ಹಾಕಿ ಅವಳ ಕೈಗೆ ಕೊಟ್ಟರು. "ನಾನು ಇದನ್ನ ಕೇಳಿಲ್ಲಮ್ಮ."

ಅವಳು ಅಂಗಡಿಯ ಮೆಟ್ಟಿಲಿಳಿಯುತ್ತ, ನಮಗೆ ಬೆನ್ನು ಹಾಕಿಯೇ, "ಇಷ್ಟ ಆಗ್ಲಿಲ್ಲ ಅಂತ ನೇರ ಹೇಳ್ಬಹುದಿತ್ತು," ಎಂದಳು. ನಾನು ಹಿಂದೆಯೇ ಓಡುವಷ್ಟರಲ್ಲಿ ಅವಳ ಸ್ಕೂಟರ್ ಹೊರಟಿತ್ತು.

"ಏನಂದ್ಲು?" ಕೆಂಪರಾಜು ನನ್ನ ತುಟಿಯನ್ನೇ ನೋಡುತ್ತಿದ್ದರು.

"ನಮಸ್ಕಾರ ಅಂದ್ಲು," ಎಂದೆ, ನಿಧಾನವಾಗಿ.