ಹುಣ್ಣಿಮೆಗೆ ಹೊರಗೆ ಕೂಡುತ್ತಿದ್ದ ಜಯಶ್ರೀ

ಜಯಶ್ರೀಯನ್ನು ಬೀದಿಯಲ್ಲಿ ನೋಡಿದವರಿಗೆ ಅವಳ ಕಣ್ಣಷ್ಟೇ ಗೊತ್ತು. ಮೂಗಿನಿಂದ ಕೆಳಗೆ ಸದಾ ದುಪಟ್ಟಾ. ವೆರ್ಣಾದ ಔಷಧ ಕಂಪನಿಯೊಂದರಲ್ಲಿ ಮಾತ್ರೆ ಪ್ಯಾಕ್ ಮಾಡುವ ಕೆಲಸ. ಬೆಳಿಗ್ಗೆ ಕಂಪನಿ ಬಸ್ಸು ಬರುವ ಹೊತ್ತಿಗೆ ನಮ್ಮ ಚಾಳಿನ ಮುಂದೆ ಮುಖ ಕಟ್ಟಿಕೊಂಡು ನಿಂತಿರುತ್ತಿದ್ದಳು.

"ಧೂಳ ಭಾಳ ಐತಿ ಅಕ್ಕಾ" ಎನ್ನುತ್ತಿದ್ದಳು. ಗೋವಾದ ಮಳೆಗಾಲದಲ್ಲಿ ಎಲ್ಲಿಯ ಧೂಳು, ನನ್ನ ತಲೆ! "ಏನವ್ವಾ, ಬ್ಯಾಂಕ್ ದೋಚಾಕ ಹೊಂಟೀಯೇನ?" ಎಂದು ಕಾಡಿಸುತ್ತಿದ್ದೆ. ಕಣ್ಣಲ್ಲೇ ನಕ್ಕು ಬಸ್ಸು ಹತ್ತಿಬಿಡುತ್ತಿದ್ದಳು.

ನಾನು ಮಂಗಲಾ, ಅವರ ಪಕ್ಕದ ಖೋಲಿಯವಳು. ಮಡಗಾಂವ್ ಮಾರ್ಕೆಟ್ಟಿನಲ್ಲಿ ತರಕಾರಿ ಮಾರಿ ಮಾರಿ ಕೊಂಕಣಿ ನನ್ನ ಬಾಯಿಗೆ ಹತ್ತಿದೆ. ಜಯಶ್ರೀಯ ತಾಯಿ ಫಕೀರವ್ವ ಕಟ್ಟಡದ ಕೆಲಸಕ್ಕೆ ಹೋಗುತ್ತಾಳೆ, ತಂದೆ ಪರಮಣ್ಣ ಬಂದರಿನಲ್ಲಿ ಹಮಾಲಿ. ಎರಡೂ ಮನೆಯ ನಡುವೆ ಇರುವುದು ಒಂದು ತಗಡು. ಅವರ ಮನೆಯಲ್ಲಿ ಕೆಮ್ಮಿದರೆ ನಮ್ಮ ಮನೆಯಲ್ಲಿ ನೀರು ಕೊಡಬೇಕು, ಹಾಗೆ.

ಫಕೀರವ್ವನಿಗೆ ಎಲ್ಲಮ್ಮನೆಂದರೆ ಜೀವ. ಊರು ಬಿಟ್ಟು ಬಂದರೂ ಹುಣ್ಣಿಮೆ ಬಿಟ್ಟಿಲ್ಲ. ಆ ದಿನ ಬಿದಿರಿನ ಬುಟ್ಟಿಗೆ ಹೋಳಿಗೆ, ಅನ್ನ, ಬದನೆಕಾಯಿ ಪಲ್ಯ ಇಟ್ಟು ಅಮ್ಮನ ಮುಂದೆ ಹಡಲಗಿ ತುಂಬುತ್ತಾಳೆ. ಮನೆಯ ಹೆಣ್ಣುಮಕ್ಕಳು ಬುಟ್ಟಿಗೆ ಕೈ ಹಚ್ಚಬೇಕು. ಆದರೆ ಮುಟ್ಟಾದವರು ನಮ್ಮಲ್ಲಿ ಹೊರಗೆ ಕೂಡುತ್ತಾರೆ. ಒಲೆ ಮುಟ್ಟುವಂತಿಲ್ಲ, ದೇವರ ಮೂಲೆಯ ಕಡೆ ಹೋಗುವಂತಿಲ್ಲ, ಬಾಗಿಲ ಬಳಿ ಒಂದು ಚಾಪೆ. ಒಂದೇ ಖೋಲಿಯ ಮನೆಯಲ್ಲಿ ಇದೇನು ಮುಚ್ಚಿಡುವ ಮಾತೇ? ಯಾರು ಯಾವಾಗ ಹೊರಗೆ ಕೂತರೆಂದು ಇಡೀ ಚಾಳಿಗೆ ಗೊತ್ತಿರುತ್ತದೆ.

2008ರ ಮಳೆಗಾಲ ಮುಗಿಯುತ್ತಿದ್ದಾಗ ನಳದ ಹತ್ತಿರ ಎದುರು ಖೋಲಿಯ ಕಾಳಿಬಾಯಿ ಸುಮ್ಮನಿರಲಾರದೆ ಅಂದಳು: "ಫಕೀರವ್ವಾ, ನಿನ್ನ ಮಗಳು ಹುಣ್ಣಿವಿ ಬಂತಂದ್ರ ಹೊರಗ ಕೂಡ್ತಾಳ ನೋಡು, ಒಮ್ಮೆರ ತಪ್ಪಿಲ್ಲ!"

ಫಕೀರವ್ವ ನಕ್ಕಳು. ನಕ್ಕವಳು ಕೊಡ ಅಲ್ಲೇ ಬಿಟ್ಟು ನೆಟ್ಟಗೆ ನನ್ನ ಖೋಲಿಗೆ ಬಂದಳು.

"ಮಂಗಲಾ, ಹೆಂಗಸಿನ ಮೈ ಏನ ಕಂಪನಿ ಬಸ್ಸೇನ, ಹೇಳಿದ ಟೈಮಿಗೆ ಬಂದು ನಿಂದ್ರಾಕ? ಸುಳ್ಳ ಕೂಡಾಕತ್ತಾಳ ಅಕಿ. ಬಟ್ಟಿ ಒಣಗಹಾಕಿದ್ದೂ ನಾ ನೋಡಿಲ್ಲ. ಈಗೀಗ ಹೊಟ್ಟಿನೂ ಬಂದೈತಿ."

ಮದುವೆಯಾಗದ ಹುಡುಗಿ ಮುಟ್ಟು ನಿಂತದ್ದನ್ನು ಮುಚ್ಚಿಟ್ಟರೆ ತಾಯಿಯ ತಲೆಗೆ ಬರುವುದು ಒಂದೇ ಯೋಚನೆ. ಅಂದು ಸಂಜೆ ತಗಡಿನಾಚೆ ಕೇಳಿದ್ದನ್ನು ನಾನು ಮರೆತಿಲ್ಲ.

"ಯಾರವ್ವಾ ಅಂವಾ?"

"ಯಾರೂ ಇಲ್ಲಬೇ, ನಿನ್ನಾಣಿ."

"ಮತ್ತ ಯಾಕ ಸುಳ್ಳ ಸುಳ್ಳ ಹೊರಗ ಕುಂತಿ?"

ಹುಡುಗಿ ಚಾಪೆ ಹಾಸಿಕೊಂಡು ಮಲಗಿದ ಸದ್ದು ಬಂತು. ನಾನಾಗಿದ್ದರೆ ಚಾಳು ಹಾರಿಹೋಗುವಂತೆ ಒದರಾಡುತ್ತಿದ್ದೆ. ಫಕೀರವ್ವ ಕೈ ಎತ್ತಲಿಲ್ಲ, ದನಿ ಕೂಡ ಎತ್ತಲಿಲ್ಲ. "ನಾಳಿ ಮಡಗಾಂವ್ ದವಾಖಾನಿಗೆ ಹೋಗೂಣು. ಮಂಗಲಾ ಬರ್ತಾಳ, ಅಕಿಗೆ ಕೊಂಕಣಿ ಬರ್ತೈತಿ" ಎಂದಳಷ್ಟೇ. ನನ್ನನ್ನು ಕೇಳಲೂ ಇಲ್ಲ! ಕೇಳುವುದೇನಿದೆ, ಹೋಗುತ್ತಿದ್ದೆ.

ಸರ್ಕಾರಿ ದವಾಖಾನೆಯ ಡಾಕ್ಟರ್ ಬಾಯಿ ನಡುವಯಸ್ಸಿನವರು, ಮೆತ್ತಗಿನ ದನಿ. ಮೊದಲು ಮೂತ್ರ ಪರೀಕ್ಷೆ ಮಾಡಿಸಿದರು. ಚೀಟಿ ನೋಡಿ ಕೊಂಕಣಿಯಲ್ಲಿ ಹೇಳಿದರು, ನಾನು ಫಕೀರವ್ವನ ಕಿವಿಯಲ್ಲಿ ಹೇಳಿದೆ: "ಬಸರಿ ಅಲ್ಲಂತ."

"ಇನ್ನೊಮ್ಮೆ ಕೇಳು."

ಇನ್ನೊಮ್ಮೆ ಕೇಳಿದೆ. ಅಲ್ಲ. ಫಕೀರವ್ವ ಆ ಚೀಟಿಯನ್ನು ಈಸಿಕೊಂಡು ಸೆರಗಿನ ತುದಿಗೆ ಕಟ್ಟಿದಳು.

ಆಮೇಲೆ ಡಾಕ್ಟರ್ ಬಾಯಿ ದುಪಟ್ಟಾ ತೆಗೆಯಲು ಹೇಳಿದರು. ಜಯಶ್ರೀ ನನ್ನ ಮುಖ ನೋಡಿದಳು, ತಾಯಿಯ ಮುಖ ನೋಡಿದಳು, ಮೆಲ್ಲಗೆ ಬಿಚ್ಚಿದಳು. ಅಯ್ಯೋ ನನ್ನವ್ವಾ! ಗದ್ದದ ಮೇಲೆ, ದವಡೆಯ ಉದ್ದಕ್ಕೂ ಕರ್ರಗೆ ಕೂದಲು. ಬ್ಲೇಡಿನಿಂದ ಹೆರೆದುಕೊಂಡ ಗಾಯಗಳು, ನಡುನಡುವೆ ಮೊಡವೆ. ನಾಲ್ಕು ಕೂದಲಿವೆ ಎಂದಷ್ಟೇ ತಾಯಿಗೆ ಗೊತ್ತಿತ್ತು. ಕತ್ತಲಲ್ಲೇ ಎದ್ದು ಕೆಲಸಕ್ಕೆ ಹೋಗಿ ಕತ್ತಲಾದ ಮೇಲೆ ಬರುವ ಮನೆಯಲ್ಲಿ ಯಾರ ಮುಖ ಯಾರು ನೋಡುತ್ತಾರೆ?

ಆಗ ಹುಡುಗಿ ಬಾಯಿ ಬಿಟ್ಟಳು. "ಅಕ್ಕಾ, ಇವರನ್ನ ಒಂದ ಮಾತ ಕೇಳ. ನಾ ಗಂಡಸಾಗಾಕತ್ತೇನೇನಂತ."

"ಏನಂದಿ?"

"ನಮ್ಮೂರಾಗ ನಾನಪ್ಪ ಇದ್ದನಲ್ಲ, ಜೋಗಪ್ಪ? ಎಲ್ಲಮ್ಮ ಅವನನ್ನ ಹಿಡದು ಸೀರಿ ಉಡಿಸಿದಳಲ್ಲ? ನನ್ನನ್ನ ಉಲ್ಟಾ ಮಾಡಾಕತ್ತಾಳ ಅಕ್ಕಾ. ಮುಟ್ಟು ನಿಂತ್ವು, ಗಡ್ಡ ಬಂತು. ಹಡಲಗಿ ಮುಂದ ನಿಂತ್ರ ಎಲ್ಲಾರ ಎದುರಿಗೇ ಮೈಮ್ಯಾಗ ಬರ್ತಾಳೇನೋ ಅಂತ ಅಂಜಿಕಿ. ಹೊರಗ ಕುಂತ್ರ ಯಾರೂ ಕರಿಯೂದಿಲ್ಲಲ್ಲ, ಅದಕ್ಕ…"

ಮಾರ್ಕೆಟ್ಟಿನಲ್ಲಿ ಗಿರಾಕಿಗಳ ಜೊತೆ ಪಟಪಟ ಕೊಂಕಣಿ ಮಾತಾಡುವ ನನಗೆ ಆ ಒಂದು ಪ್ರಶ್ನೆಯನ್ನು ದಾಟಿಸಲು ಮೂರು ಸಲ ಬೇಕಾಯಿತು. ಎಷ್ಟು ಕಾಲದಿಂದ ಒಬ್ಬಳೇ ಹೊತ್ತುಕೊಂಡಿದ್ದಳೋ! ನಾನು ಅವಳ ದುಪಟ್ಟಾ ನೋಡಿ ನಗುತ್ತಿದ್ದೆ.

ಡಾಕ್ಟರ್ ಬಾಯಿ ನಗಲಿಲ್ಲ. ಕುರ್ಚಿ ಮುಂದೆ ಎಳೆದುಕೊಂಡು ಹುಡುಗಿಯ ಕೈ ಹಿಡಿದರು. ನೀನು ಹೆಣ್ಣೇ, ಪೂರಾ ಹೆಣ್ಣು, ಎಂದರು. ಗಂಡಸರ ಹಾರ್ಮೋನು ಎನ್ನುವುದು ಎಲ್ಲ ಹೆಂಗಸರ ಮೈಯಲ್ಲೂ ಸ್ವಲ್ಪ ಇರುತ್ತದೆ, ನಿನ್ನ ಮೈಯಲ್ಲಿ ತುಸು ಹೆಚ್ಚಾಗಿರುವಂತೆ ಕಾಣುತ್ತದೆ. ಅದರಿಂದ ಅಂಡಾಶಯದಲ್ಲಿ ಅಂಡ ಸರಿಯಾಗಿ ಬಲಿಯುವುದಿಲ್ಲ, ಮುಟ್ಟು ತಪ್ಪುತ್ತದೆ, ಕೂದಲು, ಮೊಡವೆ ಬರುತ್ತವೆ, ಮೈ ದಪ್ಪವಾಗುತ್ತದೆ. ಇದಕ್ಕೆ ಪಿಸಿಓಎಸ್ ಎನ್ನುತ್ತಾರೆ, ಇಂಥ ಹುಡುಗಿಯರು ನನ್ನ ಹತ್ತಿರ ಬರುತ್ತಲೇ ಇರುತ್ತಾರೆ, ಎಂದರು. ಅಂದೇ ಸೋನೋಗ್ರಫಿಯೂ ಆಯಿತು. ಕೆಲವು ದಿನ ಬಿಟ್ಟು ಬಂದ ರಕ್ತದ ರಿಪೋರ್ಟೂ ಅದನ್ನೇ ಹೇಳಿತು. ಅಂದು ನಾವು ಹೊರಡುವ ಮುಂಚೆ ಡಾಕ್ಟರ್ ಬಾಯಿ, ಮಾತ್ರೆ ತಗೋ, ದಿನಾ ನಡಿ, ಸಕ್ಕರೆ ಕಡಿಮೆ ಮಾಡು, ಮುಟ್ಟು ದಾರಿಗೆ ಬರುತ್ತದೆ, ಕೂದಲಿಗೆ ಮಾತ್ರ ಸಮಯ ಹಿಡಿಯುತ್ತದೆ ಎಂದರು.

"ಮಕ್ಕಳು?" ಫಕೀರವ್ವ ಕೇಳಿದಳು.

"ಔಷಧ ಮಾಡಿಕೊಂಡ್ರ ಭಾಳ ಮಂದಿಗೆ ಆಗ್ತಾವಂತ" ಎಂದೆ.

ಬಸ್ಸಿನಲ್ಲಿ ತಾಯಿ ಮಗಳು ಒಂದೇ ಸೀಟಿನಲ್ಲಿ ಕೂತರು. ಫಕೀರವ್ವ "ನನಗರ ಹೇಳಬಾರದೇನ, ಹುಚ್ಚಿ" ಎಂದಳು. "ನೀ ದೇವಿಗೆ ಬಿಟ್ಟಗಿಟ್ಟೀ ಅಂತ ಅಂಜಿದ್ನಿಬೇ" ಎಂದಳು ಮಗಳು. ತಾಯಿ ಕಿಟಕಿಯ ಕಡೆ ತಿರುಗಿದಳು.

ಮನೆ ಮುಟ್ಟಿದ ಮೇಲೆ ನಾನು ಅವರ ಒಲೆಯ ಮೇಲೇ ಚಹಾಕ್ಕಿಟ್ಟೆ. ಫಕೀರವ್ವ ನೀರಿಗೆ ಹೋಗಿದ್ದಳು. ಜಯಶ್ರೀ ಚಾಪೆ ಎಳೆಯಲು ಬಗ್ಗಿದವಳು ಟ್ರಂಕಿನ ಹಿಂದಿದ್ದ ಒಂದು ಗಂಟು ಎತ್ತಿ ಬಿಚ್ಚಿದಳು. ತಾಯಿಯ ಎರಡು ಸೀರೆ, ಇವಳ ಎರಡು ಚೂಡಿದಾರ. ಅವುಗಳ ಕೆಳಗೆ ಹಳೆಯ ನೂಲಿನ ಸೀರೆಯೊಂದನ್ನು ಹರಿದು, ಒಗೆದು, ಮಡಚಿಟ್ಟ ಮೆತ್ತನೆಯ ತುಂಡುಗಳು.

ಫಕೀರವ್ವ ಕೊಡ ಹೊತ್ತು ಬಾಗಿಲಲ್ಲೇ ನಿಂತಳು.

"ಇದೇನಬೇ?" ಎಂದಳು ಜಯಶ್ರೀ.

"ನಿನ್ನಿ ಕಟ್ಟಿದ್ದೆ. ಡಿಚೋಲಿಯಾಗ ರೂಪಿಬಾಯಿ ಅದಾಳಲ್ಲ, ನನ್ನ ಕೂಡ ಗಾರಿ ಕೆಲಸ ಮಾಡತಿದ್ದಳು, ಅಕಿ ಮನಿಗೆ ಇಬ್ಬರೂ ಹೋಗಿಬಿಡೂಣು ಅಂತ. ಅಲ್ಲಿ ನಮ್ಮನ್ನ ಕೇಳಾವರು ಯಾರದಾರ?"

"ಅಪ್ಪಾ?"

"ನಿಮ್ಮಪ್ಪ ಬಂದ್ರ ಬರಲಿ, ಬಿಟ್ರ ಬಿಡಲಿ."

ಜಯಶ್ರೀ ಆ ತುಂಡುಗಳನ್ನು ಎತ್ತಿ ಹಿಡಿದಳು. "ಯವ್ವಾ, ನಾ ಖರೇನ ತಪ್ಪ ಮಾಡಿದ್ರ?"

"ಕೂಸಿನ ಬಟ್ಟಿ ಹರದಿಟ್ಟೇನಲ್ಲ" ಎಂದಳು ಫಕೀರವ್ವ, "ಮತ್ತೇನ ಕೇಳ್ತಿ?"